‘ಫ್ಯಾನ್ ಆಫ್ ಮಾಡಿ’ ಎಂಬ ವಿರಹಗೀತೆಯ ಹಿಂದಿರುವವರು

ನಸುಕು. ಬೀದಿಯಲ್ಲಿ ಬಸ್ಸುಗಳ ಸದ್ದು ಶುರುವಾಗುವ ಮೊದಲೇ ಒಂದು ಹಾಡು ಮುಗಿಯಬೇಕು. ಗೋಡೆಗೆಲ್ಲ ಹಳೇ ಹಾಸಿಗೆ ಬಡಿದ ಚಿಕ್ಕ ಸ್ಟುಡಿಯೋದಲ್ಲಿ ಮೈಕಣ್ಣ ಮೈಕಿನ ಕತ್ತು ಸರಿಮಾಡಿ, ಕಿವಿಗೆ ಹೆಡ್‌ಫೋನ್ ಏರಿಸಿ, ಗಾಯಕಿಗೆ ಕೈಸನ್ನೆ ಮಾಡುತ್ತಾರೆ. ಹಾಡು ಚೆನ್ನಾಗಿಯೇ ಬರುತ್ತದೆ. ಅದನ್ನು ಉಳಿಸಿಕೊಳ್ಳಲು ಕಂಪ್ಯೂಟರು ‘ಫೈಲಿಗೆ ಏನು ಹೆಸರು’ ಎಂದು ಕೇಳಿದಾಗ ಮಾತ್ರ ಅವರ ಬೆರಳು ನಿಂತುಬಿಡುತ್ತದೆ.

ಇಪ್ಪತ್ತು ವರ್ಷದಿಂದ ಇಲ್ಲಿ ಧ್ವನಿಮುದ್ರಣ ಮಾಡುತ್ತಿರುವ ಇವರ ನಿಜ ಹೆಸರು ಯಾವ ಹಾಡಿನ ಜೊತೆಗೂ ಅಚ್ಚಾಗಿಲ್ಲ. ಹಾಡಿಗೆ ಹೆಸರಿಡುವುದು ಇವರ ಕೆಲಸವೂ ಅಲ್ಲ. ಗುರುತಿಗೆಂದು ಆ ಹೊತ್ತಿಗೆ ತೋಚಿದ್ದನ್ನು ಬರೆದಿಡುವುದು ರೂಢಿ, ಅಷ್ಟೆ: ‘ಗಂಟಲು ಕೆಟ್ಟ ದಿನ’, ‘ಎರಡನೇ ಲೋಟ’. ಹೋದ ವರ್ಷ ಮಾಲೀಕರ ಆತುರದಲ್ಲಿ ಒಂದು ವಿರಹಗೀತೆ ಆ ಗುರುತಿನ ಹೆಸರಲ್ಲೇ ಹೊರಬಿತ್ತು: ‘ಫ್ಯಾನ್ ಆಫ್ ಮಾಡಿ’. ಕೆಲಸ ಹೋಯಿತೆಂದು ಮೈಕಣ್ಣ ಚೀಲ ಕಟ್ಟಿಕೊಂಡು ಕೂತರೆ, ಹಾಡು ಮನೆಮಾತಾಯಿತು. ಆಫಾದ ಫ್ಯಾನಿನಲ್ಲಿ ಎಂಥ ಒಂಟಿತನ ಎಂದು ಜನ ಕಣ್ಣೊರೆಸಿಕೊಂಡರಂತೆ!

“ನಂಗೆ ತಲೆಬುಡ ಅರ್ಥ ಆಗಲ್ಲ. ಅವತ್ತು ಫ್ಯಾನು ಗರಗರ ಅಂತಿತ್ತು, ಅದಕ್ಕೆ ಬರೆದಿದ್ದು,” ಎನ್ನುತ್ತಾರೆ. “ಮೊದಲೆಲ್ಲ ಹಾಡಿನ ಮೊದಲ ಸಾಲೇ ಹೆಸರು. ಆಮೇಲೆ ಒಂದೇ ಪದ ಅಂದ್ರು. ‘ನೀನು’ ಅಂತ ನಮ್ಮಲ್ಲೇ ನಾಲ್ಕು ಹಾಡು ಇದಾವೆ, ಯಾವ ನೀನು ಅಂತ ಹುಡುಕೋದು? ಈಗ ಹಾಡಲ್ಲಿ ಇಲ್ಲದ್ದೇ ಹೆಸರಾಗಬೇಕಂತೆ.”

ಮಾಲೀಕರ ಕಟ್ಟಪ್ಪಣೆಯೂ ಅದೇ. ಇನ್ನು ಪ್ರತಿ ಹಾಡಿಗೂ ಫ್ಯಾನಿನಂಥ ಹೆಸರನ್ನು ಮೈಕಣ್ಣನೇ ಕೊಡಬೇಕು; ಇವತ್ತಿನ ಹಾಡಿಗೂ ಆಗದಿದ್ದರೆ ಆ ಕುರ್ಚಿಗೆ ಮಾಲೀಕರ ಬಾಮೈದ ಬರುತ್ತಾನೆ. ಮೈಕಣ್ಣ ‘ಸ್ವಿಚ್ಚು’ ಎಂದು ನೋಡಿದರು, ‘ಒದ್ದೆ ಛತ್ರಿ’ ಎಂದು ನೋಡಿದರು. ಎರಡಕ್ಕೂ ಮಾಲೀಕರದು ಹರಳೆಣ್ಣೆ ಕುಡಿದ ಮುಖ.

“ತಪ್ಪು ಮಾಡು ಅಂತಾರೆ. ಬೇಕೂ ಅಂತ ಮಾಡಿದ್ರೆ ಅದು ತಪ್ಪು ಹೇಗಾಗುತ್ತೆ, ನೀವೇ ಹೇಳಿ?”

ಅಷ್ಟರಲ್ಲಿ ಫೋನು ಬಡಿದುಕೊಳ್ಳುತ್ತದೆ. ಹೆಂಡತಿ. ಆಕೆಗೆ ಲಾಂಡ್ರಿಯಲ್ಲಿ ರಾತ್ರಿ ಪಾಳಿ. ಆಕೆ ಮನೆಗೆ ಬರುವಾಗ ಇವರು ಇಲ್ಲಿರುತ್ತಾರೆ. ಹೆಡ್‌ಫೋನ್ ತೆಗೆಯುವ ಸೋಮಾರಿತನಕ್ಕೆ ಮೈಕಣ್ಣ ಸ್ಪೀಕರ್ ಒತ್ತುತ್ತಾರೆ.

“ತಿಂಡಿ ಆಯ್ತು ಕಣ್ರೀ. ನಿಮ್ಮ ಪಾಲು ಮುಚ್ಚಿಟ್ಟಿದೀನಿ. ನಾನು ಮಲಗ್ತೀನಿ.”

ಬಾಗಿಲಲ್ಲಿ ನಿಂತಿದ್ದ ಮಾಲೀಕರು ಕುಣಿದಾಡುವುದೊಂದು ಬಾಕಿ. “ಇದೇ ಕಣಯ್ಯಾ! ‘ನಿಮ್ಮ ಪಾಲು ಮುಚ್ಚಿಟ್ಟಿದೀನಿ’! ಹಾಕು, ಹಾಕು! ಕುರ್ಚಿ ನಿಂದೇ!”

ಮೈಕಣ್ಣನಿಗೆ ಕಕ್ಕಾಬಿಕ್ಕಿ. ಹೆಸರು ತಾನಾಗಿ ಬಂದು ಕಾಲಿಗೆ ಬಿದ್ದಿದೆ, ನಾಲ್ಕಕ್ಷರ ಒತ್ತಿದರೆ ಕೆಲಸ ಉಳಿಯುತ್ತದೆ. ಆದರೂ ಎದೆಯಲ್ಲಿ ಏನೋ ಒಂದು ಒಪ್ಪುವುದಿಲ್ಲ. ಅವರು ನಿಧಾನವಾಗಿ, ಹಳೇ ಕಾಲದ ಹಾಗೆ, ಹಾಡಿನ ಮೊದಲ ಸಾಲನ್ನೇ ಬರೆದು ಉಳಿಸುತ್ತಾರೆ.

“ಹುಚ್ಚು ಹಿಡೀತೇನಯ್ಯಾ ನಿಂಗೆ? ನಾಳೆಯಿಂದ ಏನು ಮಾಡ್ತೀಯ?”

“ಗೊತ್ತಿಲ್ಲ ಸಾರ್,” ಎನ್ನುತ್ತಾರೆ ಮೈಕಣ್ಣ. “ಆದ್ರೆ ಅದು ಹಾಡಿಗೆ ಹೇಳಿದ್ದಲ್ಲ. ನನಗೆ ಹೇಳಿದ್ದು.”