ಬಾವಿಯ ಮುಂದೆ ನಾನೊಡೆದ ಕಾಯಿ

ನಮ್ಮ ಊರು ತಾವರಗೇರಾದಿಂದ ಬಹಳ ದೂರವಿಲ್ಲ. ಊರ ನಡುವೆ ಒಂದು ಮೆಟ್ಟಿಲು ಬಾವಿ ಇದೆ. ನಮ್ಮ ಕಡೆ ಬೋರಿನ ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಸೋಡಾ ಹಾಕಿ ಎರಡು ತಾಸು ಕುದಿಸಿದರೂ ಬೇಳೆ ಬೇಳೆಯಾಗಿಯೇ ಉಳಿಯುತ್ತದೆ. ಆ ನೀರು ಕುಡಿದು ಬೆಳೆದವರ ಹಲ್ಲಿನ ಕಂದು ಕಲೆ ನೋಡಿದರೆ ಊರು ಯಾವುದೆಂದು ಹೇಳಬಹುದು. ಆ ಬಾವಿಯ ನೀರು ಮಾತ್ರ ಸಿಹಿ. ಮನೆಮನೆಗೆ ನಲ್ಲಿ ಬಂದ ಮೇಲೆ ಅದನ್ನು ನಾವೇ ಕಸ ಹಾಕಿ ಮುಚ್ಚಿದೆವು. ಹೊರಗಿನವರು ಯಾರೂ ಬಂದು ಮುಚ್ಚಲಿಲ್ಲ.

ನಮ್ಮ ಓಣಿಯ ಗೌಂಡಿ ಚಾಚಾ ಊರಿನ ಅರ್ಧ ಮನೆಗಳನ್ನು ಕಟ್ಟಿದವರು. ಅವರ ಅಜ್ಜ ಆ ಬಾವಿಯ ಮೆಟ್ಟಿಲು ಕಟ್ಟಿದವರಲ್ಲಿ ಒಬ್ಬರಂತೆ. ನಾನು ಸಾಲಿ ಮಾಸ್ತರಿಕೆಯಿಂದ ನಿವೃತ್ತನಾದ ವರ್ಷ ಒಂದು ದಿನ ಚಾಚಾ ನಮ್ಮ ಕಟ್ಟೆಯ ಮೇಲೆ ಕುಳಿತು, "ಸಾಯೂದ್ರಾಗ ಇನ್ನೊಂದ್ ಸಲ ಆ ನೀರು ಕುಡೀಬೇಕು ಅಂತ ಆಸೆ ಐತ್ರಿ ಮಾಸ್ತರ" ಎಂದರು. ನನಗೂ ಮಾಡಲು ಕೆಲಸವಿರಲಿಲ್ಲ. "ನಡೀರಿ ಚಾಚಾ, ಇಬ್ರೂ ಇಳಿಯೂಣು" ಎಂದೆ. ಒಳಗಿನಿಂದ ನನ್ನ ಹೆಂಡತಿ, "ನಮಗ್ಯಾಕ್ರೀ ಊರ ಉಸಾಬರಿ?" ಎಂದಳು. ಅವಳ ಮಾತು ಕೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಆ ಬೇಸಿಗೆಯ ಮುಂಜಾನೆಗಳೆಲ್ಲ ಬಾವಿಯೊಳಗೇ ಕಳೆದವು. ಬಾಟಲಿ, ಗುಟ್ಕಾ ಚೀಟಿ, ಮದುವೆ ಊಟದ ತಟ್ಟೆ, ಕೂಸುಗಳ ಪ್ಯಾಂಪರ್ಸು, ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತು ಮೇಲೆ ತಂದೆವು. ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ದೇವರ ಫೋಟೋಗಳು. ಗಾಜು ಒಡೆದ ದೇವರನ್ನು ತಿಪ್ಪೆಗೆ ಎಸೆಯುವಂತಿಲ್ಲ, ಮನೆಯಲ್ಲಿ ಇಡುವಂತಿಲ್ಲ. ಹಾಗಾಗಿ ಕೈಮುಗಿದು ಬಾವಿಗೆ ಬಿಡುವುದು ನಮ್ಮಲ್ಲಿ ರೂಢಿ. ಒಂದು ಫೋಟೋವನ್ನು ಚಾಚಾ ಅಂಗಿಯ ತುದಿಯಿಂದ ಒರೆಸಿ, ಹಿಂದೆ ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ಟರು. ನಮ್ಮ ಗೃಹಪ್ರವೇಶಕ್ಕೆ ಬಂದ ಉಡುಗೊರೆ. ಹಿಂದೆ ನನ್ನ ಹೆಸರಿತ್ತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಗಾದೆ ಬರೆಸಿದವನು ನಾನು. ನಾಚಿಕೆಯಿಂದ ಆ ದಿನವೆಲ್ಲ ಚಾಚಾನ ಮುಖ ನೋಡಲಿಲ್ಲ.

ಊರಿನವರು ಸಹಾಯ ಮಾಡಲಿಲ್ಲ ಎಂದರೆ ತಪ್ಪಾಗುತ್ತದೆ. ದಂಡೆಯ ಮೇಲೆ ಕೈ ಹಿಂದೆ ಕಟ್ಟಿಕೊಂಡು ನಿಂತು, "ಆ ಮೂಲ್ಯಾಗ ಇನ್ನೂ ಐತಿ ನೋಡ್ರಿ" ಎಂದು ತೋರಿಸುತ್ತಿದ್ದರು.

ಹೂಳು ತೆಗೆದ ಮೇಲೆ ಒಂದು ದಿನ ಕಲ್ಲಿನ ಸಂದಿಯಲ್ಲಿ ಸೆಲೆ ಬಾಯಿಬಿಟ್ಟಿತು. ಮೊದಲು ಕೆಸರು ಬಂತು, ವಾರ ಕಳೆದ ಮೇಲೆ ತಿಳಿಯಾಯಿತು. ಚಾಚಾ ಕೊನೆಯ ಮೆಟ್ಟಿಲ ಮೇಲೆ ಕೂತು ಬೊಗಸೆಯಲ್ಲಿ ಕುಡಿದರು. ಕುಡಿದು ಅತ್ತರು. ಅವರ ಮನೆಯಾಕೆ ಆ ನೀರಿನಲ್ಲಿ ಬೇಳೆ ಬೇಯಿಸಿ ನಮಗೂ ಒಂದು ಡಬ್ಬಿ ಕಳಿಸಿದಳು. ಬೆಣ್ಣೆಯ ಹಾಗೆ ಬೆಂದಿತ್ತು. ನನ್ನ ಹೆಂಡತಿಯೂ ಮರುದಿನ ಕೊಡ ಹಿಡಿದು ಬಾವಿಗೆ ನಡೆದಳು. ಆ ಎರಡು ತಿಂಗಳು ನಾನು ಊರಿನಲ್ಲಿ ಎದೆಯುಬ್ಬಿಸಿ ಓಡಾಡಿದೆ. ಅದನ್ನು ಮುಚ್ಚಿಟ್ಟು ಏನಾಗಬೇಕು?

ಆ ವರ್ಷ ಕೆರೆ ತುಂಬುವಷ್ಟು ಮಳೆಯಾಗಲಿಲ್ಲ. ಗಣೇಶ ಹಬ್ಬದ ಹಿಂದಿನ ದಿನ ಗಜಾನನ ಮಂಡಳಿಯವರು ಮನೆಗೆ ಬಂದರು. ಮುಂದಾಳು ನನ್ನ ಹಳೆಯ ವಿದ್ಯಾರ್ಥಿ, ಈಗ ಮೀಸೆಗೆ ಬಣ್ಣ ಹಚ್ಚುವ ವಯಸ್ಸಿನವನು. ಕಾಲು ಮುಟ್ಟಿ ನಮಸ್ಕರಿಸಿದ.

"ಗುರುಗಳ, ಕೆರ್ಯಾಗ ನೀರಿಲ್ರಿ, ಇದ್ದ ಗುಂಡ್ಯಾಗ ಹಂದಿ ಹೊಳ್ಳಾಡ್ತಾವ. ಅದಕ್ಕ ಗಣಪ್ಪನ್ನ ನೀವು ತೊಳಿಸಿದ ಬಾವ್ಯಾಗ ಬಿಡೂದಂತ ಮಾಡೇವ್ರಿ. ದೇವ್ರಿಗೆ ಛಲೋ ನೀರು ಬೇಕಲ್ರಿ. ಮೊದಲನೇ ಕಾಯಿ ನೀವ ಒಡೀಬೇಕು."

ಅವನಲ್ಲಿ ಕೇಡು ಇರಲಿಲ್ಲ. ಬಾವಿ ಹೊಲಸಾಗಿದ್ದಾಗ ಅದು ದೇವರಿಗೆ ಯೋಗ್ಯವಿರಲಿಲ್ಲ, ಈಗ ಯೋಗ್ಯವಾಗಿದೆ. ಲೆಕ್ಕ ಅಷ್ಟು ಸರಳ. "ಪಿಒಪಿ ಗಣಪ್ಪ ಕರಗೂದಿಲ್ಲಪ್ಪ" ಎಂದೆ. ಎಷ್ಟು ಮೆತ್ತಗೆ ಎಂದೆನೆಂದರೆ ನನಗೇ ಸರಿಯಾಗಿ ಕೇಳಲಿಲ್ಲ. "ಒಂದ ಗಣಪ್ಪ ರೀ, ಗುರುಗಳ" ಎಂದು ಅವನು ನಕ್ಕ. ಮೊದಲನೇ ಕಾಯಿ ಎಂಬ ಮಾತು ನನ್ನ ಕಿವಿಯಲ್ಲಿ ಕೂತುಬಿಟ್ಟಿತ್ತು. ಇಷ್ಟು ವರ್ಷ ಊರಲ್ಲಿದ್ದರೂ ನನಗೆ ಯಾರೂ ಮೊದಲನೇ ಕಾಯಿ ಕೊಟ್ಟಿರಲಿಲ್ಲ. "ಆತು, ಬರ್ತೀನಿ" ಎಂದೆ.

ಐದನೆಯ ದಿನ ಸಂಜೆ ಡಿಜೆ ಹಚ್ಚಿ, ಗುಲಾಲು ಎರಚಿ ಮೆರವಣಿಗೆ ಬಂತು. ನನಗೆ ಶಾಲು ಹೊದಿಸಿ ರುಮಾಲು ಸುತ್ತಿದರು. ಬಾವಿಯ ಆಚೆ ದಂಡೆಯಲ್ಲಿ ಚಾಚಾ ನಿಂತಿದ್ದರು. ನಾನು ಆ ಕಡೆ ನೋಡದೆ ಕಾಯಿ ಒಡೆದೆ. ಮಂಡಳಿಯ ಗಣಪತಿ ಮುಳುಗಿದ ಮೇಲೆ ಮನೆಮನೆಯ ಗಣಪತಿಗಳು ಬಂದವು. ಅವುಗಳ ಹಿಂದೆ ಹೂಮಾಲೆ, ಬಾಳೆಕಂಬ, ಥರ್ಮೋಕೋಲ್ ಮಂಟಪ, ಐದು ದಿನದ ನಿರ್ಮಾಲ್ಯ ತುಂಬಿದ ಪ್ಲಾಸ್ಟಿಕ್ ಚೀಲಗಳು. ಮರುದಿನ ನೀರು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ವಾರದಲ್ಲಿ ನಾರತೊಡಗಿತು. ನಾರುವ ಬಾವಿಗೆ ಕಸ ಹಾಕಲು ಯಾರ ಅಪ್ಪಣೆ ಬೇಕು? ದೀಪಾವಳಿಗೆ ಮನೆ ತೊಳೆದವರೆಲ್ಲ ಹಳೆಯ ಸಾಮಾನನ್ನು ಮತ್ತೆ ಅಲ್ಲಿಗೇ ತಂದರು.

ನಾನು ಚಾಚಾನ ಮನೆಗೆ ಹೋದೆ. ಚಹಾ ಕೊಟ್ಟರು. ನಾನು ಮಂಡಳಿಯವರನ್ನು ಬಾಯಿಗೆ ಬಂದಂತೆ ಬೈದೆ. ಚಾಚಾ ಪೂರ್ತಿ ಕೇಳಿಸಿಕೊಂಡರು.

"ಅವ್ರಿಗೆ ಯಾಕ ಬೈತೀರಿ ಮಾಸ್ತರ? ಅವ್ರು ನಿಮ್ಮ ಮನೀಗೆ ಬಂದು ಕೇಳ್ಯಾರ. ನಾ ಬ್ಯಾಡ ಅಂದಿದ್ರ ಅದು ಬ್ಯಾರೇನ ಆಗ್ತಿತ್ತು. ಗಣಪ್ಪಗ ಅಡ್ಡ ಬಂದ್ರು ಅಂತ ನಮ್ಮ ಮಂದಿ ಹೆಸರು ಬರ್ತಿತ್ತು. ನೀವ ಅನಬೇಕಿತ್ರಿ. ನೀವು ಅಂದಿದ್ರ ಕೇಳ್ತಿದ್ರು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು. ಆ ಚಳಿಗಾಲದಲ್ಲೇ ಅವರು ತೀರಿಕೊಂಡರು. ಮಣ್ಣಿಗೆ ಹೋದಾಗಲೂ ನನಗೆ ಅದೇ ಮಾತು ಕೇಳಿಸುತ್ತಿತ್ತು.

ಅಂದಿನಿಂದ ಬೇಡ ಎನ್ನುವುದನ್ನು ನಾನು ಮನಸ್ಸಿನಲ್ಲೇ ಎಷ್ಟೋ ಸಲ ಹೇಳಿ ನೋಡಿಕೊಂಡಿದ್ದೇನೆ. ಜೋರಾಗಿ, ಮೆತ್ತಗೆ, ಕಾರಣ ಕೊಟ್ಟು, ಕಾರಣ ಕೊಡದೆ. ಈ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಅದೇ ಮುಂದಾಳು ನಾಲ್ಕು ಜನರೊಂದಿಗೆ ಬಂದ. ಕಾಲು ಮುಟ್ಟಿದ.

"ಗುರುಗಳ, ಬಾವಿ ಯಾವಾಗ ತೊಳಸ್ತೀರಿ? ಹಬ್ಬ ಬಂತಲ್ರಿ."

ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಈ ಸಲ ಆಗೂದಿಲ್ಲಪ್ಪ, ಮೊಣಕಾಲು ಭಾಳ ನೋಯ್ತಾವ" ಎಂದೆ.

"ಆರಾಮ ಮಾಡ್ರಿ ಗುರುಗಳ, ನಾವು ನೋಡ್ಕೋತೀವಿ" ಎಂದು ಚಹಾ ಕುಡಿದು ಹೋದರು. ನನ್ನ ಮೊಣಕಾಲುಗಳಿಗೆ ಏನೂ ಆಗಿಲ್ಲ.