ಸ್ವಿಚ್ಚು ಹಾಕುವ ಕೈ

ಪಂಕಜಂಗೆ ಮೂಗಿನ ತುದಿಯಲ್ಲೇ ಕೋಪ. ಕಾರಮಡೈ ಕಡೆಯ ನೇಕಾರರ ಮನೆಯಲ್ಲಿ ಹುಟ್ಟಿ, ಮಗ್ಗದ ಸದ್ದಿನಲ್ಲೇ ಬೆಳೆದು, ಮದುವೆಯಾಗಿ ಕೊಯಮತ್ತೂರಿಗೆ ಬಂದವಳು ಪಂಪು ಮಾಡುವ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಸಾವಿರದ ಒಂಬೈನೂರ ಎಂಬತ್ತೈದರ ಹೊತ್ತಿಗೆ ವೈಂಡಿಂಗ್ ವಿಭಾಗಕ್ಕೆ ಅವಳೇ ಮೇಲ್ವಿಚಾರಕಿ. ಮೋಟಾರಿನ ಹೊಟ್ಟೆಯೊಳಗೆ ತಾಮ್ರದ ತಂತಿ ಸುತ್ತಿ ಕೂರಿಸುವ ಕೆಲಸ ಅದು, ಮಾಡುವವರೆಲ್ಲ ಹೆಂಗಸರು.

ಆ ಬೇಸಿಗೆಯಲ್ಲಿ ಮೋಟಾರುಗಳು ತೋಟಕ್ಕೆ ಹೋದಷ್ಟೇ ಬೇಗ ಸುಟ್ಟು ವಾಪಸು ಬರತೊಡಗಿದವು. ಬಾಗಿಲ ಪಕ್ಕದ ಕಬ್ಬಿಣದ ಹಲಗೆಯ ಮೇಲೆ ಕಮರು ವಾಸನೆ ಬೀರುತ್ತ ಸಾಲಾಗಿ ಕೂತಿರುತ್ತಿದ್ದವು. ಯಾರ ತಪ್ಪು? ತಂತಿಯಡಿ ಹಾಸುವ ಕಾಗದ ಕತ್ತರಿಸುವವಳು ತಂತಿ ಸುತ್ತುವವಳನ್ನು ತೋರಿಸಿದಳು, ಅವಳು ಕೂರಿಸುವವಳನ್ನು, ಅವಳು ದಾರ ಕಟ್ಟುವವಳನ್ನು. ಕುಣಿಯಲಾರದವರಿಗೆಲ್ಲ ನೆಲ ಡೊಂಕು.

ಮಾಲೀಕ ಮಯಿಲ್‌ಸಾಮಿ ಅನ್ನೂರಿನ ಒಕ್ಕಲು ಮನೆಯವನು. ಅವಳಂತೆ ಅವನದೂ ಮನೆಮಾತು ಕನ್ನಡ. ಕೆಟ್ಟವನಲ್ಲ. ಎಲ್ಲರಿಗಿಂತ ಬೇಗ ಸುತ್ತಿದವಳಿಗೆ ಎವರ್‌ಸಿಲ್ವರ್ ಲೋಟದ ಬಹುಮಾನವಿಟ್ಟ. ಬೇಗ ಸುತ್ತಿದರು, ನಿಜ. ಇನ್ನೂ ಬೇಗ ಸುಟ್ಟವು. ಕಡೆಗೆ ಪಂಕಜಂ ಎದುರು ಹೇಳಿಯೇಬಿಟ್ಟ.

"ಆಯುಧಪೂಜೆವರೆಗೂ ನೋಡ್ತೀನಮ್ಮಾ. ಆಮೇಲೆ ಈ ಸುತ್ತೋ ವೇಲೆನ ಹೊರಗೆ ಕಾಂಟ್ರಾಕ್ಟಿಗೆ ಕೊಟ್ಟುಬಿಡ್ತೀನಿ. ಇವರನ್ನೆಲ್ಲ ಮನೆಗೆ ಕಳ್ಸೋದೇ."

ಅಷ್ಟೂ ಹೆಂಗಸರ ಒಲೆ ಆರಿಹೋಗುವ ಮಾತು. ಪಂಕಜಂಗೆ ಅಳುವೂ ಬಂತು, ಕೋಪವೂ ಬಂತು. ರೂಢಿಯಂತೆ ಕೋಪವೇ ಮುಂದೆ ನುಗ್ಗಿತು.

"ನಮ್ಮಪ್ಪನ ಮನೇಲಿ ಸೀರೆ ಮುಗಿದ್ರೆ, ಮಗ್ಗದಿಂದ ಇಳಿಸೋ ಕತ್ತರಿ ನೇಯ್ದವರ ಕೈಗೇ ಕೊಡೋರು, ಮುದಲಾಳಿ. ಇಲ್ಲಿ ಇವರು ವರ್ಷಗಟ್ಲೆ ಸುತ್ತವ್ರೆ, ಒಂದ್ ಮೋಟಾರು ಓಡಿದ್ದು ಕಣ್ಣಲ್ಲಿ ಕಂಡಿಲ್ಲ. ಒಬ್ಬೊಬ್ಳಿಗೂ ಪೂರ್ತಿ ಮೋಟಾರು ಕೊಡಿ. ಮುಗಿದ್ಮೇಲೆ ಸ್ವಿಚ್ಚೂ ಅವಳೇ ಹಾಕ್ಲಿ."

ಸ್ವಿಚ್ಚು! ಗೋಡೆಯಾಚೆ ಪಂಪನ್ನು ಪರೀಕ್ಷಿಸುವ ತೊಟ್ಟಿ, ಅದರ ಸ್ವಿಚ್ಚು, ಎರಡೂ ಗಂಡಸರ ಆಸ್ತಿ. ಅಲ್ಲಿನ ಯಜಮಾನಿಕೆ ನಡೆಸುತ್ತಿದ್ದ ವೇಲುಸಾಮಿ ಬಿದ್ದು ಬಿದ್ದು ನಕ್ಕ. ಮಯಿಲ್‌ಸಾಮಿ ಮಾತ್ರ "ಚರಿ, ಮಾಡಿ ನೋಡು" ಎಂದ. ಹೇಗಿದ್ದರೂ ಮುಚ್ಚುವ ಅಂಗಡಿ ಎಂದುಕೊಂಡಿರಬೇಕು.

ಹೆಂಗಸರು ಹೆದರಿದರು. ಇಡೀ ಮೋಟಾರು ನಮ್ಮಿಂದಾಗದು ಎಂದರು. ಪಂಕಜಂ ಮೊದಲನೆಯದನ್ನು ಕಾಗದದಿಂದ ದಾರದವರೆಗೆ ತಾನೇ ಮುಗಿಸಿ, ಸೆರಗು ಸಿಕ್ಕಿಸಿ, ಎಲ್ಲರೆದುರು ಸ್ವಿಚ್ಚು ಹಾಕಿದಳು. ಮೋಟಾರು ಗೊರ್ರೆಂದಿತು, ಬುಸ್ಸೆಂದಿತು, ಹೊಗೆ ಬಿಟ್ಟಿತು. ಆಮೇಲೆ ಪಂಕಜಂಗೇ ನಗು ಬಂತು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಲ್ಲರೂ ನಕ್ಕರು. ಅವರಲ್ಲೇ ಅಂಜುಬುರುಕಿಯಾದ ಸಾಂತಿ ಮುಂದೆ ಬಂದಳು.

"ಅಕ್ಕಾ, ನೀವೇ ಸುಟ್ಟ ಮೇಲೆ ನಮಗೇನು ಬಯ? ಬಿಚ್ಚಿ, ಎಲ್ಲಿ ತಪ್ಪಾಯ್ತು ನೋಡೋಣ."

ಬಿಚ್ಚಿದರು. ತಂತಿಯ ತುದಿಗಳು ಅದಲುಬದಲಾಗಿದ್ದವು. ಮಾರನೆಯ ದಿನದಿಂದ ಒಬ್ಬೊಬ್ಬಳ ಮುಂದೆಯೂ ಒಂದೊಂದು ಮೋಟಾರು. ಮೊದಮೊದಲು ಕೆಲಸ ಕುಂಟಿತು, ವೇಲುಸಾಮಿ ಗೊಣಗಿದ. ಆದರೆ ತಾನು ಸುತ್ತಿದ್ದು ತನ್ನ ಕಣ್ಣೆದುರೇ ಓಡಬೇಕೆಂದರೆ ಯಾವ ಕೈ ತಾನೇ ಮೈಮರೆಯುತ್ತದೆ? ತಿಂಗಳು ಕಳೆಯುವಷ್ಟರಲ್ಲಿ ಊಟ ಮುಗಿದದ್ದೇ ಹೆಂಗಸರು ತೊಟ್ಟಿಯ ಬಳಿಗೆ ಓಡುವಂತಾಯಿತು. "ಇದು ಈಶ್ವರಿ ಮೋಟಾರು, ನೀರು ಹೆಂಗೆ ಒದೀತದೆ ನೋಡು!" ಎಂದು ಕೂಗಿ ಸೀರೆ ತೋಯಿಸಿಕೊಳ್ಳುತ್ತಿದ್ದರು. ಲೋಟದ ಬಹುಮಾನವನ್ನು ಯಾರೂ ಕೇಳಲಿಲ್ಲ.

ಆಯುಧಪೂಜೆಯ ದಿನ ಮಯಿಲ್‌ಸಾಮಿ ಬಿಳಿ ವೇಷ್ಟಿ ಉಟ್ಟು ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಸುಟ್ಟ ಹಳೆಯ ಮೋಟಾರುಗಳನ್ನೆಲ್ಲ ಮತ್ತೆ ಸುತ್ತಿ ಕಳಿಸಿಯಾಗಿತ್ತು. ಹೊಸದು ಒಂದೂ ವಾಪಸು ಬಂದಿರಲಿಲ್ಲ. ಖಾಲಿಯಾದ ಹಲಗೆಯನ್ನು ಹೆಂಗಸರು ತೊಳೆದು, ಅರಿಶಿನ ಬಳಿದು, ಪೂಜೆಯ ಪುರಿ-ಕಡಲೆ, ಬಾಳೆಹಣ್ಣನ್ನು ಅದರ ಮೇಲೇ ಜೋಡಿಸಿದ್ದರು.

ಮಂಗಳಾರತಿಯಾಯಿತು. ತೊಟ್ಟಿಯ ಬಳಿ ಹೂ ಮುಡಿದ ಹೊಸ ಮೋಟಾರು ಕಾದಿತ್ತು. ಪ್ರತಿ ವರ್ಷವೂ ಅದನ್ನು ಓಡಿಸುವುದು ಮಾಲೀಕನೇ. ಅವನು ಕೈ ಚಾಚಿದ.

"ಮುದಲಾಳಿ," ಸಾಂತಿ ಅಡ್ಡ ಬಂದಳು, "ಅದು ನಾನು ಸುತ್ತಿದ್ದು."

ಮಯಿಲ್‌ಸಾಮಿ ಸಾಂತಿಯನ್ನು ನೋಡಿದ, ಅರಿಶಿನದ ಹಲಗೆಯನ್ನು ನೋಡಿದ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದು ಪಕ್ಕಕ್ಕೆ ಸರಿದ.

"ನಿನ್ ಮೋಟಾರು, ನೀನೇ ಹಾಕಮ್ಮಾ. ಪಂಕಜಂ, ಆ ಕಾಂಟ್ರಾಕ್ಟುಗಾರನಿಗೆ ಬರಬೇಡ ಅಂತ ಹೇಳಿ ಕಳ್ಸು."

ನೀರು ಚಿಮ್ಮಿ ಬಿಳಿ ವೇಷ್ಟಿ ತೊಪ್ಪೆಯಾಯಿತು. ಪಂಕಜಂ ಅಷ್ಟು ಜನರೆದುರು, ನಾಚಿಕೆ ಬಿಟ್ಟು, ಕೇಕೆ ಹಾಕಿ ಕುಣಿದಳು. ನೆಲ ಒಂದಿಷ್ಟೂ ಡೊಂಕಿರಲಿಲ್ಲ.