ವೀರಮ್ಮನವರ ಓಲೆಕಟ್ಟು

ಗಾವಡಗೆರೆಯ ವೀರಮ್ಮನವರಿಗೆ ಓಲೆಗರಿಯ ಮೇಲೆ ಬರೆಯಲು ಬರುತ್ತಿತ್ತು. ನಾನು ಕಣ್ಣಾರೆ ಕಂಡಿದ್ದೇನೆ. ನಂಬದವರು ನಂಬದಿರಲಿ.

೧೯೫೫ರಲ್ಲಿ ಒಂದು ವಿಶ್ವವಿದ್ಯಾನಿಲಯದ ಓಲೆಗರಿ ಭಂಡಾರದಲ್ಲಿ ಆರು ತಿಂಗಳ ತರಬೇತಿಗೆ ಸೇರಿದ್ದೆ. ಹಳ್ಳಿಗಳಿಂದ ಹಳೆಯ ಕಟ್ಟುಗಳನ್ನು ತರುವುದು, ಧೂಳೊರೆಸಿ ಎಣ್ಣೆ ಸವರುವುದು, ದಾಖಲೆ ಪುಸ್ತಕದಲ್ಲಿ ವಿವರ ಬರೆಯುವುದು ನಮ್ಮ ಕೆಲಸ. ಹುಣಸೂರು ತಾಲ್ಲೂಕಿಗೆ ಹೊರಟಾಗ ಒಂಬತ್ತು ತಿಂಗಳ ಮಗನನ್ನೂ ಎತ್ತಿಕೊಂಡು ಹೋದೆ. ಬಿಟ್ಟುಹೋಗಲು ಧೈರ್ಯವಿರಲಿಲ್ಲ. ಕರೆದೊಯ್ಯಲೂ ಇರಲಿಲ್ಲ. ಬಸ್ಸಿನ ಧೂಳು, ಬಾವಿಯ ನೀರು, ಕಂಡವರ ಕಣ್ಣು, ಎಲ್ಲಕ್ಕೂ ಹೆದರುತ್ತಿದ್ದೆ. ಮೇಲ್ವಿಚಾರಕರಾದ ಗೋವಿಂದಯ್ಯನವರು, "ಇದು ತೊಟ್ಟಿಲು ತೂಗುವ ಕೆಲಸವಲ್ಲಮ್ಮ" ಎಂದು ಎರಡು ಸಲ ಹೇಳಿದ್ದರು.

ಗಾವಡಗೆರೆಯಲ್ಲಿ ಷಣ್ಮುಖಪ್ಪ ಎಂಬ ರೈತರು ತಮ್ಮ ಮನೆಯ ಜಗಲಿಗೆ ಒಂದು ಕಟ್ಟು ತಂದಿಟ್ಟರು. ಅದರ ತುಂಬ ಎಳೆಮಕ್ಕಳ ಮದ್ದುಗಳ ವಿವರ ಬರೆದಿತ್ತು. ಮೇಲಿನ ಮರದ ಹಲಗೆಯಲ್ಲಿ 'ಚಿಕ್ಕಬಸಪ್ಪ' ಎಂದು ಕೆತ್ತಿತ್ತು.

"ನಮ್ಮ ತಾತ," ಎಂದರು ಷಣ್ಮುಖಪ್ಪ.

"ಬರೆದವರು, ಚಿಕ್ಕಬಸಪ್ಪ. ಬರಕೊಳ್ಳಿ," ಎಂದರು ಗೋವಿಂದಯ್ಯ. ಬರೆದುಕೊಂಡೆ. ಯೋಚಿಸಲೇ ಇಲ್ಲ, ಮಗ ಅಳುತ್ತಿದ್ದ.

ಒಳಗಿನಿಂದ ಎಪ್ಪತ್ತರ ಮುದುಕಿಯೊಬ್ಬರು ಬಂದರು, ಹಣೆತುಂಬ ವಿಭೂತಿ. ಷಣ್ಮುಖಪ್ಪನವರ ತಾಯಿ ವೀರಮ್ಮ.

"ಏನಂತ ಬರ್ಕೊಂಡ್ರವ್ವ?"

ಓದಿ ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ.

"ನಮ್ ಮಾವ್ನೋರಾ? ಅವ್ರಿಗೆ ಹೆಬ್ಬೆಟ್ಟು ಒತ್ತೋದು ಬುಟ್ರೆ ಏನೂ ಬತ್ತಿರ್ನಿಲ್ಲ! ಕಟ್ಟು ಊರೆಲ್ಲ ತಿರುಗ್ತಿತ್ತು, ವಾಪಸ್ ಬರ್ಲಿ ಅಂತ ಯಜಮಾನ್ರ ಹೆಸ್ರು ಕೊರ್ಸಿದ್ದು. ಮದ್ವೆ ಮನೆಗೆ ಕೊಡೋ ಕೊಳದಪ್ಪಲೆ ಮೇಲೂ ಅವ್ರ ಹೆಸ್ರೈತೆ. ಅಡುಗೇನೂ ಅವ್ರೇ ಮಾಡ್ತಿದ್ರು ಅಂತ ಬರ್ಕೊಳಿ!"

"ಮತ್ತೆ ಬರೆದವರು ಯಾರು?"

"ನಾನು ಕಣವ್ವ."

ಅವರ ತವರು ಪಿರಿಯಾಪಟ್ಟಣದ ಕಡೆ. ತಂದೆ ಮಠದ ಓಲೆಗಳನ್ನು ನಕಲು ಮಾಡುತ್ತಿದ್ದವರು. ಗಂಡುಮಕ್ಕಳಿಲ್ಲದ್ದರಿಂದ ವಿದ್ಯೆಯನ್ನು ಮಗಳ ಕೈಗೆ ಹಾಕಿದರು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಚೊಚ್ಚಲ ಮಗು ಹತ್ತು ತಿಂಗಳಿಗೆ ಹೊಟ್ಟೆ ಉಬ್ಬರಿಸಿ ತೀರಿಹೋಯಿತು. ಮದ್ದು ಗೊತ್ತಿದ್ದ ಕೇರಿಯ ಅಜ್ಜಿ ಹಿಂದಿನ ವರ್ಷವೇ ತೀರಿಕೊಂಡಿದ್ದಳಂತೆ. ಅಂದಿನಿಂದ ವೀರಮ್ಮ ಕೇರಿಯ ಮುದುಕಿಯರನ್ನೆಲ್ಲ ಕೇಳಿ ಕೇಳಿ, ಮಧ್ಯಾಹ್ನ ಮನೆಯವರು ಮಲಗಿದಾಗ ಬರೆದಿಟ್ಟರು. ಏಳು ವರ್ಷ ಹಿಡಿಯಿತು.

ನಾನು ಮಗನನ್ನು ಬಿಗಿಯಾಗಿ ಅಪ್ಪಿಕೊಂಡೆ.

ಗೋವಿಂದಯ್ಯ ಕನ್ನಡಕ ಸರಿಪಡಿಸಿಕೊಂಡು, "ಹೆಂಗಸರು ಓಲೆ ಬರೆಯುವುದುಂಟೇ? ಇರುವಂತೆಯೇ ಇರಲಿ, ನಡೆಯಿರಿ," ಎಂದರು.

ವೀರಮ್ಮ ಕಟ್ಟನ್ನು ಮಡಿಲಿಗೆ ಎಳೆದುಕೊಂಡರು. "ನನ್ ಹೆಸ್ರು ಬರ್ಕೊಂಡ್ರೆ ಕಟ್ಟು ನಿಮ್ದು. ಇಲ್ದಿದ್ರೆ ಒಳಕ್ಕೆ ಒಯ್ತೀನಿ."

"ಅವ್ವ, ದೊಡ್ಡೋರ ಜತೆ ಅಂಗೆಲ್ಲ ಮಾತಾಡ್ಬೇಡ," ಎಂದರು ಷಣ್ಮುಖಪ್ಪ.

"ನೀನು ಸುಮ್ಕಿರ್ಲಾ. ನೀನು ಬದುಕಿರೋದು ಇದ್ರಾಗಿನ ಮದ್ದು ಕುಡ್ದು."

ಕತ್ತರಿ ತರಿಸಿ ಎಡಗೈ ಹೆಬ್ಬೆರಳಿನ ಉಗುರಿಗೆ ಸಣ್ಣ ಕಚ್ಚು ಹಾಕಿದರು. ಪೆಟ್ಟಿಗೆಯಿಂದ ಓಲೆಯ ಮೇಲೆ ಅಕ್ಷರ ಕೊರೆಯುವ ಕಬ್ಬಿಣದ ಕಂಟ ತಂದು ಅದರ ಮೊನೆಯನ್ನು ಆ ಕಚ್ಚಿನಲ್ಲಿ ಊರಿ, ಕಟ್ಟಿನ ಕೊನೆಯ ಬರಿಯ ಓಲೆಯನ್ನು ಮೆಲ್ಲಗೆ ಸರಿಸುತ್ತ ಹೋದರು. ನಮಗೆ ತರಬೇತಿಯಲ್ಲಿ ಓದುವುದನ್ನು ಕಲಿಸಿದ್ದರು. ಬರೆಯುವುದು ಕಲಿಸುವವರಿಗೂ ಗೊತ್ತಿರಲಿಲ್ಲ.

ಓಲೆಯ ಮೇಲೆ ಏನೂ ಕಾಣಲಿಲ್ಲ. ಗೋವಿಂದಯ್ಯ ನಕ್ಕರು.

"ಮಗೀಗೆ ದೃಷ್ಟಿಬೊಟ್ಟು ಇಕ್ತೀಯಲ್ಲ, ಆ ಕಾಡಿಗೆ ತಗಿಯವ್ವ," ಎಂದರು ವೀರಮ್ಮ. ಕೊಟ್ಟೆ. ಕಾಡಿಗೆ ಸವರಿ ಸೆರಗಿನಿಂದ ಒರೆಸಿದಾಗ ಅಕ್ಷರಗಳು ಕಪ್ಪಾಗಿ ಎದ್ದುನಿಂತವು: 'ಇದನು ಬರೆದಾಕೆ ವೀರಮ್ಮ.' ಕಟ್ಟಿನ ಮೊದಲ ಓಲೆಯನ್ನು ಪಕ್ಕದಲ್ಲಿಟ್ಟು ನೋಡಿದೆ. ಕೈ ಸ್ವಲ್ಪ ನಡುಗಿತ್ತು, ಅಷ್ಟೆ. ಅಕ್ಷರದ ತಿರುವುಗಳು ಅವೇ.

ನಾನು ದಾಖಲೆ ಪುಸ್ತಕದಲ್ಲಿ ಚಿಕ್ಕಬಸಪ್ಪನ ಹೆಸರು ಹೊಡೆದು, ಮಸಿಯಲ್ಲಿ ವೀರಮ್ಮ ಎಂದು ಬರೆದು, ಸಾಕ್ಷಿಯಾಗಿ ಕೆಳಗೆ ನನ್ನ ಹೆಸರನ್ನೂ ಹಾಕಿದೆ. ವೀರಮ್ಮ ಅದನ್ನು ಬೆರಳಿಟ್ಟು ಓದಿ ಕಟ್ಟನ್ನು ನನ್ನ ಕೈಗೇ ಕೊಟ್ಟರು. ಗೋವಿಂದಯ್ಯನವರ ಕೈಗಲ್ಲ.

ಹುಣಸೂರಿನ ಬಸ್ ನಿಲ್ದಾಣದಲ್ಲಿ ಗೋವಿಂದಯ್ಯ ಹೇಳಿದರು: "ಆ ಹೆಸರಿನ ಮುಂದೆ 'ಸಂದೇಹ' ಎಂದು ಸೇರಿಸಿಬಿಡಿ. ನಿಮ್ಮ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಾದವನು ನಾನು."

ಆ ಪ್ರಮಾಣಪತ್ರ ನನಗೆ ಬೇಕೇ ಬೇಕಿತ್ತು. ಸುಳ್ಳೇಕೆ ಹೇಳಲಿ.

"ನನಗೆ ಸಂದೇಹವಿಲ್ಲ ಸಾರ್," ಎಂದೆ. "ನಿಮಗಿದ್ದರೆ ನೀವೇ ಬರೆದು ಸಹಿ ಹಾಕಿ."

ಪೆನ್ನು ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ನನ್ನ ಪ್ರಮಾಣಪತ್ರಕ್ಕೂ ಸಹಿ ಹಾಕಲಿಲ್ಲ.